ಬಣ್ಣ ಬಟ್ಟೆಯ ಮೇಲಲ್ಲ, ಬಟ್ಟೆಯ ಒಳಗೆ

ಕಳೆದ ವರ್ಷ ಒಂದು ಸಂಜೆ. ಆಫೀಸ್ ಕೆಲಸ ಮುಗಿಸಿ ಲ್ಯಾಪ್‌ಟಾಪ್ ಮುಚ್ಚುತ್ತಿದ್ದೆ, ದಾವಣಗೆರೆಯಿಂದ ತಂಗಿಯ ಫೋನ್ ಬಂತು. "ಅಕ್ಕಾ, ಜರ್ಸಿ ಬಣ್ಣ ಎಲ್ಲಾ ಹೋಗೈತೆ. ಪಿಟಿ ಮೇಷ್ಟ್ರು ಒಂದು ತಂದು ತೋರಿಸಿದ್ರು. ಒಂದೇ ಸಲ ಒಗೆದಿದ್ದಂತೆ."

ಅವಳು ಮನೆಯ ಮುಂದಿನ ಕೋಣೆಯಲ್ಲಿ ಪ್ರಿಂಟಿಂಗ್ ಶುರು ಮಾಡಿ ಆಗಿನ್ನೂ ಮೂರು ತಿಂಗಳು. ಒಂದು ಪ್ರಿಂಟರ್, ಒಂದು ಹೀಟ್ ಪ್ರೆಸ್. ಎರಡಕ್ಕೂ ಮಹಿಳಾ ಸಂಘದಿಂದ ತೆಗೆದ ಸಾಲ. ಅಲ್ಲಿಯವರೆಗೆ ಹುಟ್ಟುಹಬ್ಬದ ಮಗ್‌ಗಳನ್ನಷ್ಟೇ ಮಾಡುತ್ತಿದ್ದವಳಿಗೆ ಸಿಕ್ಕ ಮೊದಲ ದೊಡ್ಡ ಆರ್ಡರ್ ಇದು. ಹೈಸ್ಕೂಲಿನ ಹುಡುಗರ, ಹುಡುಗಿಯರ ಕಬಡ್ಡಿ ತಂಡಗಳಿಗೆ 24 ಜರ್ಸಿ. ಒಂದಕ್ಕೆ 250 ರೂಪಾಯಿ. ತಾಲ್ಲೂಕು ಕ್ರೀಡಾಕೂಟಕ್ಕೆ ಉಳಿದಿದ್ದು ಒಂದೇ ವಾರ.

ತಪ್ಪಿದ್ದೆಲ್ಲಿ ಅಂತ ಗೊತ್ತಾಗಬೇಕಾದರೆ ಈ ಕೆಲಸ ಹೇಗೆ ನಡೆಯುತ್ತೆ ಅನ್ನೋದು ಗೊತ್ತಿರಬೇಕು. ದೇವರ ಮನೆಯಲ್ಲಿ ಕರ್ಪೂರದ ಡಬ್ಬಿಯ ಮುಚ್ಚಳ ಸಡಿಲ ಬಿಟ್ಟರೆ ಏನಾಗುತ್ತೆ? ಕರ್ಪೂರ ಕರಗಿ ನೀರಾಗಲ್ಲ, ನೇರವಾಗಿ ಆವಿಯಾಗಿ ಡಬ್ಬಿ ಖಾಲಿ. ಶಾಲೆಯಲ್ಲಿ ‘ಉತ್ಪತನ’ ಅಂತ ಓದಿದ್ದೆವಲ್ಲ, ಅದೇ ಇಂಗ್ಲಿಷಿನ ಸಬ್ಲಿಮೇಷನ್. ಈ ಪ್ರಿಂಟಿಂಗ್‌ನ ಬಣ್ಣವೂ ಕರ್ಪೂರದ ಜಾತಿಯದ್ದೇ. ಮೊದಲು ಡಿಸೈನನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಕಾಗದದ ಮೇಲೆ ಪ್ರಿಂಟ್ ತೆಗೀತಾರೆ. ಅದನ್ನು ಬಟ್ಟೆಯ ಮೇಲಿಟ್ಟು ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹೆಚ್ಚುಕಮ್ಮಿ ಒಂದು ನಿಮಿಷ ಒತ್ತುತ್ತಾರೆ. ಬಣ್ಣ ಆವಿಯಾಗುತ್ತೆ, ಆ ಬಿಸಿಗೆ ಸಡಿಲಗೊಂಡ ಪಾಲಿಯೆಸ್ಟರ್ ಎಳೆಯೊಳಗೆ ನುಗ್ಗುತ್ತೆ. ತಣ್ಣಗಾದ ಮೇಲೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಕೈಯಾಡಿಸಿದರೆ ಪ್ರಿಂಟ್ ಇದೆ ಅಂತಲೇ ಗೊತ್ತಾಗಲ್ಲ.

ಬೆವರು ಹೀರುವ ಜರ್ಸಿಗೆ ಇದು ಹೊಂದೋದೂ ಅದಕ್ಕೇ. ಅಂಗಡಿಯವರು ‘ಬೆವರು ಹೀರುತ್ತೆ’ ಅಂದರೂ ಪಾಲಿಯೆಸ್ಟರ್ ಎಳೆ ನೀರು ಕುಡಿಯೋದೇ ಇಲ್ಲ ಅನ್ನಬಹುದು. ಹತ್ತಿ ಬೆವರನ್ನು ಕುಡಿದು ಒದ್ದೆಯಾಗಿ ಮೈಗೆ ಅಂಟುತ್ತೆ. ಇಲ್ಲಿ ಬೆವರು ಎಳೆಗಳ ನಡುವಿನ ಸಂದಿಯಲ್ಲಿ ಹರಿದು ಹೊರಮೈಗೆ ಬಂದು, ಹರಡಿ, ಬೇಗ ಆರುತ್ತೆ. ಎದೆಯ ಮೇಲೆ ದಪ್ಪ ಪ್ಲಾಸ್ಟಿಕ್ ಥರದ ಪ್ರಿಂಟ್ ಅಂಟಿಸಿದರೆ ಆ ದಾರಿ ಮುಚ್ಚಿಹೋಗುತ್ತೆ. ಸಬ್ಲಿಮೇಷನ್‌ನಲ್ಲಿ ಮೇಲ್ಪದರವೇ ಇಲ್ಲ, ಹಾಗಾಗಿ ದಾರಿ ತೆರೆದೇ ಇರುತ್ತೆ.

ಆದರೆ ಈ ಬಣ್ಣ ಹತ್ತಿಯ ಎಳೆಯೊಳಗೆ ಹೋಗಲ್ಲ. ಮೇಲೆ ಕೂತಿದ್ದು ಒಗೆದಾಗ ನೀರಿನ ಜೊತೆ ಹೋಗುತ್ತೆ.

"ಬಟ್ಟೆ ಪಾಲಿಯೆಸ್ಟರ್ರೇನಾ?" ಅಂದೆ. "ಹೋಲ್‌ಸೇಲ್ ಅಂಗಡೀಲಿ ಹಂಗೇ ಹೇಳಿ ಕೊಟ್ರು" ಅಂದಳು. ವಿಡಿಯೊ ಕಾಲ್‌ನಲ್ಲೇ ಜರ್ಸಿಯ ಅಂಚಿಂದ ಒಂದು ದಾರ ಎಳೆಸಿದೆ. ಇಕ್ಕಳದಲ್ಲಿ ಹಿಡಿದು ಸಿಂಕಿನ ಮೇಲೆ ಬೆಂಕಿ ತಾಗಿಸಿದಳು. ಪೂರ್ತಿ ಪಾಲಿಯೆಸ್ಟರ್ ಆಗಿದ್ದರೆ ಕರಗಿ, ತುದಿಯಲ್ಲಿ ಗಟ್ಟಿ ಮಣಿಯಾಗಬೇಕಿತ್ತು. ಇದು ಕಾಗದ ಸುಟ್ಟ ವಾಸನೆ ಬಿಟ್ಟು ಉರೀತು. ಅರ್ಧ ಬೂದಿ, ಅರ್ಧ ಮುದ್ದೆ. ಅಂದರೆ ಹತ್ತಿ ಬೆರೆಸಿದ ಬಟ್ಟೆ.

ನಾನು ಬುದ್ಧಿವಂತಿಕೆಯ ಮಾತು ಹೇಳಿದೆ: "ಅರ್ಧ ದುಡ್ಡು ವಾಪಸ್ ಕೊಟ್ಟುಬಿಡು, ಅಂಗಡಿಯವರದ್ದೇ ತಪ್ಪು ಅನ್ನು."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಂಗಡಿ ಹೆಸರು ಮೇಷ್ಟ್ರಿಗೆ ಯಾಕಕ್ಕಾ? ಅವ್ರು ದುಡ್ಡು ಕೊಟ್ಟಿದ್ದು ನಂಗೆ. ಮಕ್ಳು ಮಾಸಿದ್ದು ಹಾಕ್ಕಂಡು ಆಡ್ಬೇಕಾ?"

ಮಾರನೇ ದಿನ ಬೇರೆ ಕಡೆ ಹೋಗಿ, ದಾರ ಸುಟ್ಟು ನೋಡಿಯೇ ಬಟ್ಟೆ ತಂದಳು. ಮೊದಲು ಒಂದೇ ಒಂದು ಜರ್ಸಿ ಪ್ರಿಂಟ್ ಮಾಡಿ, ಎರಡು ಸಲ ಒಗೆದು ನೋಡಿದಳು. ಆಮೇಲೆ ಉಳಿದ 23. ಹೊಸ ಬಟ್ಟೆಯ ದುಡ್ಡು ನಾನು ಕೊಡ್ತೀನಿ ಅಂದೆ. "ಸಾಲ ಅಂತ ಕೊಡು, ಸುಮ್ನೆ ಬೇಡ" ಅಂದಳು. ಆ ತಿಂಗಳು ಸಂಘದ ಕಂತು ಕಟ್ಟೋಕೆ ಕಷ್ಟಪಟ್ಟಳು, ಅದು ನನಗೆ ಗೊತ್ತಾಗಿದ್ದು ಎಷ್ಟೋ ದಿನ ಆದ ಮೇಲೆ.

ನಿಮ್ಮಲ್ಲೂ ಎಷ್ಟೋ ಜನ ಆಫೀಸಿನ ಕ್ರಿಕೆಟ್‌ಗೋ, 10ಕೆ ಓಟಕ್ಕೋ ಟೀ-ಶರ್ಟ್ ಮಾಡಿಸೋ ಜವಾಬ್ದಾರಿ ಹೊತ್ತಿರ್ತೀರಿ. ಹಾಗಾಗಿ ನಾಲ್ಕು ಮಾತು:

– ಬಟ್ಟೆ ಪೂರ್ತಿ ಪಾಲಿಯೆಸ್ಟರ್ ಇರಲಿ. ಲೇಬಲ್ ನೋಡಿ, ಅನುಮಾನ ಬಂದರೆ ಒಂದು ದಾರ ಸುಟ್ಟು ನೋಡಿ.

– ಕಪ್ಪು ಬಟ್ಟೆ ಮೇಲೆ ಸಬ್ಲಿಮೇಷನ್ ಕೇಳಬೇಡಿ. ಈ ಬಣ್ಣ ಪಾರದರ್ಶಕ, ಇದರಲ್ಲಿ ಬಿಳಿ ಇಂಕ್ ಇಲ್ಲ. ಬಿಳಿ ಅಥವಾ ತಿಳಿ ಬಣ್ಣದ ಬಟ್ಟೆಯೇ ಬೇಕು. ಕಪ್ಪಾಗಿಯೇ ಕಾಣಬೇಕಾದರೆ ಬಿಳಿ ಬಟ್ಟೆಗೆ ಪೂರ್ತಿ ಕಪ್ಪು ಪ್ರಿಂಟ್ ಮಾಡಿ, ಆಮೇಲೆ ಕತ್ತರಿಸಿ ಹೊಲಿಸಬೇಕು.

– ಸ್ಯಾಂಪಲ್ ಒಂದು ತರಿಸಿ. ಒಗೆದು ನೋಡಿ, ಪ್ರಿಂಟ್ ಇರೋ ಕಡೆ ಒಂದು ಹನಿ ನೀರು ಬಿಡಿ. ಹನಿ ಹರಡಿದರೆ ಸರಿ. ಗುಂಡಗೆ ನಿಂತರೆ ಬೆವರೂ ಹಾಗೇ ನಿಲ್ಲುತ್ತೆ.

– ಒಗೆಯುವಾಗ ಫ್ಯಾಬ್ರಿಕ್ ಸಾಫ್ಟ್‌ನರ್ ಬೇಡ, ಅದು ಎಳೆಗೆ ಮೆತ್ತಿಕೊಂಡು ಬೆವರಿನ ದಾರಿ ಕಟ್ಟುತ್ತೆ. ತುಂಬಾ ಕಾದ ಇಸ್ತ್ರಿಯೂ ಬೇಡ. ಆಡಿದ ದಿನವೇ ಒಗೆದುಬಿಡಿ, ಪಾಲಿಯೆಸ್ಟರ್ ಬೆವರಿನ ವಾಸನೆ ಸುಲಭಕ್ಕೆ ಬಿಡಲ್ಲ.

ಹುಡುಗಿಯರ ತಂಡ ಸೆಮಿಫೈನಲ್‌ನಲ್ಲಿ ಸೋತಿತಂತೆ. ಮೇಷ್ಟ್ರು ಕಳಿಸಿದ ಫೋಟೊದಲ್ಲಿ ಎಲ್ಲರ ಮೈ ಮಣ್ಣಾಗಿದೆ, ಬೆನ್ನ ಮೇಲಿನ ನಂಬರು ಮಾತ್ರ ಸ್ಪಷ್ಟ. ಬಣ್ಣ ಹೋದ ಆ ಮೊದಲ ಜರ್ಸಿಯನ್ನು ತಂಗಿ ಎಸೆದಿಲ್ಲ. ಅಂಗಡಿಯಲ್ಲಿ ಹೀಟ್ ಪ್ರೆಸ್ ಒರೆಸೋಕೆ ಇಟ್ಟುಕೊಂಡಿದ್ದಾಳೆ. ಪಕ್ಕದಲ್ಲೇ ಒಂದು ಬೆಂಕಿಪೊಟ್ಟಣ, ಒಂದು ಇಕ್ಕಳ.