ಚಿಪ್ ಬಂತು, ಲೆಕ್ಕದ ಪುಸ್ತಕ ಎಲ್ಲಿ?

2024ರ ಅಕ್ಟೋಬರ್ 5ರಂದು ಮಹಾರಾಷ್ಟ್ರದ ವಾಶಿಮ್‌ನಲ್ಲಿ ಪ್ರಧಾನಿ ಮೋದಿ ದೇಸಿ ದನಗಳಿಗೆ 'ಗೌ ಚಿಪ್', ಎಮ್ಮೆಗಳಿಗೆ 'ಮಹಿಷ್ ಚಿಪ್' ಬಿಡುಗಡೆ ಮಾಡಿದರು. ಆಮೇಲೆ ಚೆನ್ನೈನ ನಮ್ಮ ಕನ್ನಡ ಗೆಳೆಯರದ್ದು ಒಂದೇ ಮಾತು: "ಇನ್ನು ನಮ್ಮ ಹಳ್ಳಿಕಾರ್, ಅಮೃತ ಮಹಲ್ ಉಳಿದವು ಬಿಡಿ!" ನಾನು ಒಪ್ಪಲ್ಲ. ಯಾಕೆ ಅಂತ ಕೇಳಿ.

ಈ ಚಿಪ್ ದನದ ಕಿವಿಗೆ ಹಾಕೋದಲ್ಲ. ದನದ ಡಿಎನ್ಎಯಲ್ಲಿರುವ ಸಾವಿರಾರು ಗುರುತುಗಳನ್ನು ಲ್ಯಾಬಿನಲ್ಲಿ ಓದುವ ಸಾಧನ. ಹಿಂದೆಲ್ಲ ಒಂದು ಹೋರಿಯ ಯೋಗ್ಯತೆ ತಿಳಿಯಬೇಕಾದರೆ ಅದರ ಹೆಣ್ಣು ಕರುಗಳು ಬೆಳೆದು ಹಾಲು ಕೊಡುವ ತನಕ ವರ್ಷಗಟ್ಟಲೆ ಕಾಯಬೇಕಿತ್ತು. ಗುರುತುಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿದರೆ ಎಳೆಗರುವಿನಲ್ಲೇ ಅಂದಾಜು ಸಿಗುತ್ತೆ ಅಂತ 2001ರಲ್ಲಿ ಮ್ಯೂವಿಸನ್, ಹೇಯ್ಸ್, ಗೊಡ್ಡಾರ್ಡ್ ಎಂಬ ಮೂವರು ತೋರಿಸಿದರು. 2009ರಲ್ಲಿ ಅಮೆರಿಕ ಅದನ್ನು ಹೋಲ್‌ಸ್ಟೀನ್ ದನಗಳಿಗೆ ಅಧಿಕೃತವಾಗಿ ಬಳಸತೊಡಗಿತು.

ಆದರೆ ಸ್ವಾಮೀ, ಅಂದಾಜು ಆಕಾಶದಿಂದ ಉದುರಲ್ಲ. ಡಿಎನ್ಎ ಮತ್ತು ಹಾಲಿನ ಲೆಕ್ಕ ಎರಡೂ ಇರುವ ಸಾವಿರಾರು ದನಗಳು ಮೊದಲು ಬೇಕು. ಅಮೆರಿಕದವರ ಬಳಿ ದಶಕಗಳ ಲೆಕ್ಕವಿತ್ತು. ಅದನ್ನು ತಂದು ಹಳ್ಳಿಕಾರ್‌ಗೆ ಅಂಟಿಸಿದರೆ ಹೊಂದೋದಿಲ್ಲ, ತಳಿ ಬದಲಾದರೆ ಗುರುತಿನ ಅರ್ಥವೂ ಬದಲಾಗುತ್ತೆ. ನಮ್ಮ ಊರಿನ ಡೇರಿಯಲ್ಲಿ ದಿನಕ್ಕೆರಡು ಹೊತ್ತು ಹಾಲು ಅಳೆದು ಬರೀತಾರೆ, ನಿಜ. ಆ ಪುಸ್ತಕದಲ್ಲಿ ಮನೆಯವರ ಹೆಸರಿದೆ, ಹಸುವಿನದ್ದಿಲ್ಲ! ಕಿವಿಯಲ್ಲಿ 12 ಅಂಕಿಯ ಓಲೆ ಹಾಕಿದ ಮಾತ್ರಕ್ಕೆ ಲೆಕ್ಕ ತಾನಾಗಿ ಬಂದುಬಿಡುತ್ತಾ?

ಇನ್ನೊಂದು ಮಾತು. ಯಾವುದನ್ನು ಅಳೀತೀವೋ ಅದನ್ನೇ ಬೆಳೆಸ್ತೀವಿ. 1962ರಲ್ಲಿ ಹುಟ್ಟಿದ ಆರ್ಲಿಂಡಾ ಚೀಫ್ ಎಂಬ ಅಮೆರಿಕದ ಹೋರಿಯ ವಂಶ ಹಾಲು ಚೆನ್ನಾಗಿ ಕೊಡುತ್ತೆ ಅಂತ ಅದರ ವೀರ್ಯವನ್ನು ಲೋಕವೆಲ್ಲ ಹಂಚಿದರು. ಜೊತೆಗೇ ಒಂದು ಮಾರಕ ಜೀನ್ ಕೂಡ ಹರಡಿತು. ಅದರಿಂದಾದ ಗರ್ಭಪಾತ ಸುಮಾರು 5 ಲಕ್ಷ ಅಂತ 2016ರ ಅಧ್ಯಯನವೊಂದರ ಅಂದಾಜು. ಅದು ಬಯಲಾಗಿದ್ದೂ ಡಿಎನ್ಎ ಲೆಕ್ಕದಿಂದಲೇ, ಹಾಗಾಗಿ ವಿದ್ಯೆ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮೈಸೂರು ಅರಸರ 'ಬೆಣ್ಣೆ ಚಾವಡಿ'ಯಲ್ಲಿ ಬೆಳೆದು, ಟಿಪ್ಪು ಕಾಲದಲ್ಲಿ ಫಿರಂಗಿ ಎಳೆದ ಅಮೃತ ಮಹಲ್‌ಗೆ ಬರೀ ಲೀಟರಿನ ಪರೀಕ್ಷೆ ಇಟ್ಟರೆ ಅದು ಫೇಲಾಗದೆ ಇನ್ನೇನಾಗುತ್ತೆ? ಬಿಸಿಲು ತಡೆಯೋದು, ಎಳೆಯೋ ಶಕ್ತಿ, ರೋಗಕ್ಕೆ ಜಗ್ಗದಿರೋದು ಇವನ್ನೂ ಅಳೆದು ಬರೆಯಬೇಕು.

2017ರ ಜನವರಿಯಲ್ಲಿ ಜಲ್ಲಿಕಟ್ಟಿಗಾಗಿ ನಮ್ಮ ಮರೀನಾ ತುಂಬಿತ್ತು. ಕಾಂಗೇಯಂ, ಪುಲಿಕುಳಂ ಅನ್ನೋ ಹೆಸರು ಪೇಟೆ ಹುಡುಗರ ಬಾಯಲ್ಲೂ ಬಂತು. ಒಳ್ಳೇದೇ. ಆದರೆ ಘೋಷಣೆ ಕೂಗಿದರೆ ತಳಿ ಉಳಿಯಲ್ಲ, ಚಿಪ್ ಕೊಂಡರೂ ಉಳಿಯಲ್ಲ. ಹಳ್ಳಿಯಲ್ಲಿ ಒಂದೊಂದು ದನದ ಲೆಕ್ಕ ಬರೆಯೋ ಹುಡುಗನಿಗೆ ಸಂಬಳ, ತನ್ನ ದನವನ್ನು ಅಳೆಯಲು ಬಿಟ್ಟ ರೈತನಿಗೆ ಪ್ರತಿಫಲ, ಇದು ಮೊದಲು ಆಗಬೇಕು. ಇಲ್ಲಿ ಕೂತು 'ಎ2' ಚೀಟಿ ಅಂಟಿಸಿದ ಬಾಟಲಿಗೆ ದುಪ್ಪಟ್ಟು ದುಡ್ಡು ಕೊಡೋ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಈ ಹಸುವಿನ ಲೆಕ್ಕ ಯಾರು ಬರೀತಿದ್ದಾರೆ?

ಏನಂತೀರಿ?