ಜಪಾನಿಗೊಂದು ಅರ್ಜಿ

ಮೇ ತಿಂಗಳ ಒಂದು ಸಂಜೆ, ಗುಡುಗಿನ ಮಳೆ ಸುರಿದು ಬಿಟ್ಟ ಮೇಲೆ, ಹಿಂದೆ ನನ್ನ ತರಗತಿಯಲ್ಲಿ ಕನ್ನಡ ಓದಿದ್ದ ವಿದ್ಯಾರ್ಥಿನಿಯೊಬ್ಬಳು ಬಣಕಲ್ಲಿನ ನಮ್ಮ ಮನೆಗೆ ಬಂದಳು. ಕೊಡೆಯನ್ನು ಜಗುಲಿಗೆ ಒರಗಿಸಿ, ನೆನೆಯದಂತೆ ಎದೆಗವಚಿ ತಂದಿದ್ದ ಕಾಗದದ ಕಟ್ಟನ್ನು ನನ್ನ ಮುಂದಿಟ್ಟಳು.

“ಏನಮ್ಮಾ, ಎಲ್ಲಿಗೆ ಅರ್ಜಿ?” ಎಂದೆ.

“ಜಪಾನಿಗೆ, ಸಾರ್. ಇಂಗ್ಲಿಷ್ ಸ್ವಲ್ಪ ತಿದ್ದಿಕೊಡಬೇಕು.”

ಕನ್ನಡದ ಮೇಷ್ಟರಲ್ಲಿಗೆ ಇಂಗ್ಲಿಷ್ ತಿದ್ದಿಸಲು ಬಂದುದನ್ನು ಕಂಡು ನಗು ಬಂದಿತು. ಆದರೆ ಆಕೆಯ ಮುಖದಲ್ಲಿ ನಗುವಿರಲಿಲ್ಲ. ಹತ್ತನೆಯ ತರಗತಿಯವರೆಗೆ ಇಲ್ಲಿಯೇ ಕನ್ನಡ ಮಾಧ್ಯಮದಲ್ಲಿ ಓದಿ, ಮುಂದೆ ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದ ಹುಡುಗಿ. ಗುಡ್ಡ ಕುಸಿತವನ್ನು ಕುರಿತು ಸಂಶೋಧನೆ ಮಾಡಬೇಕೆಂಬುದು ಆಕೆಯ ಹಂಬಲ. “ಕನ್ನಡ ಮೀಡಿಯಮ್ಮಿನವಳನ್ನು ಅವರು ತೆಗೆದುಕೊಳ್ಳುತ್ತಾರೆಯೇ ಸಾರ್?” ಎಂದು ಕೇಳಿದಳು. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಅರ್ಜಿಯ ಕ್ರಮವನ್ನು ವಾಚಕರಿಗೆ ಸಂಕ್ಷೇಪವಾಗಿ ತಿಳಿಸಿಬಿಡುತ್ತೇನೆ. ಪರದೇಶದ ವಿದ್ಯಾರ್ಥಿಗಳಿಗೆ ಜಪಾನ್ ಸರ್ಕಾರ 1954ರಿಂದ ವಿದ್ಯಾರ್ಥಿವೇತನ ಕೊಡುತ್ತ ಬಂದಿದೆ. ರಾಯಭಾರ ಕಚೇರಿಯ ಮೂಲಕ ಅರ್ಜಿ ಹಾಕುವವರಿಗೆ ಮೊದಲು ಕಾಗದಪತ್ರಗಳ ಪರಿಶೀಲನೆ, ಬಳಿಕ ಲಿಖಿತ ಪರೀಕ್ಷೆ, ಸಂದರ್ಶನ. ಅದರಲ್ಲಿ ಉತ್ತೀರ್ಣರಾದವರು ತಮ್ಮ ವಿಷಯದ ಪ್ರಾಧ್ಯಾಪಕರಿಗೆ ಬರೆದು, ವಿಶ್ವವಿದ್ಯಾಲಯದಿಂದ ಒಪ್ಪಿಗೆ ಪತ್ರ ಪಡೆಯಬೇಕು. ಕೊನೆಯ ತೀರ್ಮಾನ ಅಲ್ಲಿಯ ಶಿಕ್ಷಣ ಸಚಿವಾಲಯದ್ದು. ಆಯ್ಕೆಯಾದ ಸಂಶೋಧನ ವಿದ್ಯಾರ್ಥಿಗೆ ಶುಲ್ಕದ ಹೊರೆಯಿಲ್ಲ. ತಿಂಗಳಿಗೆ ಸುಮಾರು 1,43,000 ಯೆನ್ ದೊರೆಯುತ್ತದೆ. ಮೂರು ವರ್ಷದ ಪದವಿ ಮಾತ್ರ ಪಡೆದವರಿಗೆ ಒಂದು ತೊಡಕುಂಟು. ಅಲ್ಲಿಯ ಸ್ನಾತಕೋತ್ತರ ಪ್ರವೇಶಕ್ಕೆ ಸಾಮಾನ್ಯವಾಗಿ 16 ವರ್ಷಗಳ ವ್ಯಾಸಂಗ ಬೇಕು, ನಮ್ಮ ಬಿ.ಎಸ್ಸಿ.ಗೆ ಆಗುವುದು 15. ಅಂಥವರ ಅರ್ಹತೆಯನ್ನು ಪ್ರತ್ಯೇಕವಾಗಿ ಪರಿಶೀಲಿಸುವ ಪದ್ಧತಿಯಿದೆ.

ಇವೆಲ್ಲ ಓಡಾಡಿದರೆ ಒದಗುವ ಸಂಗತಿಗಳು. ಓಡಾಡಿದರೂ ಒದಗದ ಒಂದು ಹಾಳೆ ಆ ಕಟ್ಟಿನಲ್ಲಿತ್ತು. ಅದು ಸಂಶೋಧನೆಯ ಯೋಜನೆ. ನೀನು ಅರಿಯಬೇಕೆಂದಿರುವುದೇನು, ಏಕೆ, ಹೇಗೆ ಎಂದು ಕೇಳುವ ಹಾಳೆ. ಆಕೆ ಅದನ್ನು ತುಂಬಿಸಿದ್ದಳು, ನಿಜ. ವಾಕ್ಯಗಳಲ್ಲಿ ವ್ಯಾಕರಣದ ತಪ್ಪೂ ಹೆಚ್ಚಿರಲಿಲ್ಲ. ಆದರೆ ಪ್ರಪಂಚದ ಯಾವ ಬೆಟ್ಟಕ್ಕಾದರೂ ಸಲ್ಲುವಂತಹ, ಯಾವ ಬೆಟ್ಟವನ್ನೂ ಕಾಣದವರು ಬರೆಯಬಹುದಾದಂತಹ ವಾಕ್ಯಗಳವು. ಕೂಗಳತೆಯಲ್ಲಿರುವ ಚಾರ್ಮಾಡಿಯ ಹೆಸರೇ ಅದರಲ್ಲಿರಲಿಲ್ಲ.

“ಇದನ್ನು ಬದಿಗಿಡು. 2019ರ ಆಗಸ್ಟಿನಲ್ಲಿ ನೀನು ಕಂಡದ್ದನ್ನು ಕನ್ನಡದಲ್ಲಿ ಬರೆದು ತಾ” ಎಂದು ಹೇಳಿ ಕಳುಹಿಸಿದೆ.

ಆ ಆಗಸ್ಟನ್ನು ನಮ್ಮ ಸೀಮೆಯವರು ಮರೆತಿಲ್ಲ. ಚಾರ್ಮಾಡಿ ಘಾಟಿಯ ದಾರಿ ಕುಸಿದು ಸಂಚಾರ ನಿಂತಿತು. ಮಲೆಮನೆಯಂತಹ ಊರುಗಳಲ್ಲಿ ಮನೆ, ತೋಟಗಳು ಮಣ್ಣುಪಾಲಾದವು. ಮೂರು ದಿನಗಳ ಬಳಿಕ ಆಕೆ ನಾಲ್ಕು ಪುಟ ಬರೆದು ತಂದಳು. ಅಜ್ಜನ ಮನೆಯ ಹಿಂದಿನ ತಿಳಿನೀರಿನ ಹಳ್ಳ ಕುಸಿತಕ್ಕೆ ಮುಂಚೆ ಕೆಂಪಾದುದು, ಮಳೆ ಬಿಡದೆ ಹೊಡೆಯುತ್ತಿದ್ದರೂ ಆ ಹಳ್ಳದ ನೀರು ಇದ್ದಕ್ಕಿದ್ದಂತೆ ಇಳಿದುದು, ಗುಡ್ಡದ ಒಳಗಿನಿಂದ ಬಂದ ಸದ್ದು ಕೇಳಿ ಅಜ್ಜ ಎಲ್ಲರನ್ನೂ ಹೊರಗೆ ಹೊರಡಿಸಿದುದು, ಇವೆಲ್ಲ ಅದರಲ್ಲಿದ್ದವು. ಇವೇ ಲಕ್ಷಣಗಳನ್ನು ಜಪಾನಿನಲ್ಲಿ ಜನಸಾಮಾನ್ಯರಿಗೆ ಮುನ್ಸೂಚನೆಗಳೆಂದು ಕಲಿಸುತ್ತಾರೆ. ಮಣ್ಣು ಜಾರದಂತೆ ತಡೆಯುವ ವಿದ್ಯೆಯನ್ನು ಅವರು ‘ಸಾಬೋ’ ಎನ್ನುತ್ತಾರೆ. ಆ ಮಾತು ಇತರ ದೇಶಗಳ ಎಂಜಿನಿಯರುಗಳ ಬಾಯಲ್ಲೂ ಹಾಗೆಯೇ ಉಳಿದಿದೆ. ಕ್ಯೋಟೋ ವಿಶ್ವವಿದ್ಯಾಲಯದಲ್ಲಿ ವಿಪತ್ತು ನಿವಾರಣೆಯ ಸಂಶೋಧನೆಗೆಂದೇ 1951ರಲ್ಲಿ ಸ್ಥಾಪನೆಯಾದ ಸಂಸ್ಥೆಯಿದೆ. ಅಂತಹ ವಿದ್ವಾಂಸರ ಮುಂದಿಡಲು ಅಜ್ಜನ ಹಳ್ಳಕ್ಕಿಂತ ಉತ್ತಮವಾದ ಪ್ರಶ್ನೆ ಆಕೆಗೆ ಎಲ್ಲಿ ಸಿಕ್ಕೀತು? ಅದೇ ನಾಲ್ಕು ಪುಟಗಳನ್ನು ಕೂಡಿ ಕುಳಿತು ಇಂಗ್ಲಿಷಿಗೆ ಇಳಿಸಿದೆವು. ಯೋಜನೆಗೆ ಜೀವ ಬಂದಿತು.

ಇನ್ನು ಕನ್ನಡ ಮಾಧ್ಯಮದ ಅಳುಕಿನ ಮಾತು. ಜಪಾನಿನಲ್ಲಿ ಇಂಗ್ಲಿಷಿನಲ್ಲಿ ಕಲಿಸುವ ತರಗತಿಗಳೂ ಇವೆಯೆಂಬುದು ನಿಜವೇ. ಆದರೂ ಅಲ್ಲಿ ಬಾಳುವುದಕ್ಕೆ, ಬಹುಪಾಲು ಕಲಿಯುವುದಕ್ಕೂ ಜಪಾನೀ ಭಾಷೆ ಬೇಕು. ಅದರ ಮುಂದೆ ಬೆಂಗಳೂರಿನ ಕಾನ್ವೆಂಟಿನ ಹುಡುಗನೂ ಬಣಕಲ್ಲಿನ ಹುಡುಗಿಯೂ ಸಮಾನರು. ಇಬ್ಬರೂ ಅಕ್ಷರಾಭ್ಯಾಸದಿಂದಲೇ ತೊಡಗಬೇಕು. ಅಷ್ಟೇ ಅಲ್ಲ, ಕನ್ನಡ ಬಲ್ಲವರಿಗೆ ಆ ಭಾಷೆಯ ನಡೆ ತೀರ ಅಪರಿಚಿತವಲ್ಲ. ‘ನಾನು ನಿನ್ನೆ ಓದಿದ ಪುಸ್ತಕ’ ಎಂಬುದನ್ನು ಅವರು ‘ವಾತಾಶಿ ಗಾ ಕಿನೋ ಯೊಂದಾ ಹೊನ್’ ಎನ್ನುತ್ತಾರೆ. ಪದಗಳ ಸರದಿ ನಮ್ಮದೇ. ಕ್ರಿಯಾಪದ ವಾಕ್ಯದ ಕೊನೆಗೆ; ವಿಭಕ್ತಿಯ ಗುರುತು ನಾಮಪದದ ಬೆನ್ನಿಗೆ. ಅವರ ‘ಕಾನಾ’ ಅಕ್ಷರಗಳ ಸರಣಿ ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತದೆ. ಬೌದ್ಧ ಭಿಕ್ಷುಗಳ ಸಂಸ್ಕೃತಾಭ್ಯಾಸದ ಮೂಲಕ ಅಲ್ಲಿಗೆ ತಲುಪಿದ ವರ್ಣಮಾಲೆಯ ಕ್ರಮವದು. ಜಪಾನೀ ಭಾಷೆಗೆ ದ್ರಾವಿಡ ಮೂಲವುಂಟೆಂಬ ವಾದವನ್ನು ಪಂಡಿತರು ಬಹುಮಟ್ಟಿಗೆ ಒಪ್ಪಿಲ್ಲ. ನಮಗೆ ನಂಟಸ್ತಿಕೆ ಬೇಕಾಗಿಯೂ ಇಲ್ಲ, ಹೋಲಿಕೆಯೇ ಸಾಕು. ಕಷ್ಟವಿರುವುದು ಚೀನೀ ಮೂಲದ ಲಿಪಿಚಿಹ್ನೆಗಳಲ್ಲಿ. ನಿತ್ಯದ ಬಳಕೆಗೆಂದು ಗೊತ್ತುಪಡಿಸಿರುವುವೇ 2,136. ಅದಕ್ಕೆ ಶ್ರಮವಲ್ಲದೆ ಬೇರೆ ಉಪಾಯವಿಲ್ಲ.

ಆ ದೇಶ ನಮಗೆ ಕಲಿಸಬೇಕಾದ ದೊಡ್ಡ ಪಾಠ ಬೇರೊಂದಿದೆ. 1877ರಲ್ಲಿ ಟೋಕಿಯೋ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅಲ್ಲಿ ಪಾಶ್ಚಾತ್ಯ ಅಧ್ಯಾಪಕರು ತಮ್ಮ ತಮ್ಮ ಭಾಷೆಗಳಲ್ಲಿಯೇ ಬೋಧಿಸುತ್ತಿದ್ದರು. ವಿದೇಶದಲ್ಲಿ ಕಲಿತು ಮರಳಿದ ತರುಣರು ಪಾರಿಭಾಷಿಕ ಪದಗಳನ್ನು ಕಟ್ಟಿ, ಗ್ರಂಥಗಳನ್ನು ಬರೆದು, ಆ ಪೀಠಗಳನ್ನು ಜಪಾನೀ ಭಾಷೆಗೆ ತಂದರು. 2008ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಪಡೆದ ತೊಶಿಹಿದೆ ಮಸ್ಕಾವಾ ಅವರು ಅದುವರೆಗೆ ದೇಶದಿಂದ ಹೊರಗೆ ಹೋದವರೇ ಅಲ್ಲ. ತಮ್ಮ ನೊಬೆಲ್ ಉಪನ್ಯಾಸವನ್ನು ಜಪಾನೀ ಭಾಷೆಯಲ್ಲಿಯೇ ಮಾಡಿದರು. ನಮ್ಮಲ್ಲಿ ಕುವೆಂಪು ಅವರು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ ಕನ್ನಡದಲ್ಲಿ ಉನ್ನತ ಶಿಕ್ಷಣಕ್ಕೆ ದಾರಿ ತೆರೆದರು. ಆ ದಾರಿಯಲ್ಲಿ ನಾವು ಎಷ್ಟು ದೂರ ನಡೆದೆವೆಂಬುದನ್ನು ಕನ್ನಡದ ಅಧ್ಯಾಪಕನಾದ ನಾನು ಹೇಳಹೋದರೆ ನಾಚಿಕೆಯಾದೀತು.

ಹಾಗೆಂದು, ಕಂಡವರೆಲ್ಲ ಗಂಟು ಕಟ್ಟಿ ಹೊರಡಲಿ ಎಂದು ನಾನು ಹೇಳುವುದಿಲ್ಲ. ವಿದ್ಯಾರ್ಥಿವೇತನವಿಲ್ಲದೆ ಹೋದರೆ ಬಹುಪಾಲು ರಾಷ್ಟ್ರೀಯ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶಕ್ಕೆ 2,82,000 ಯೆನ್, ವರ್ಷದ ಶುಲ್ಕ 5,35,800 ಯೆನ್. ಊಟ, ವಸತಿಗಳು ಬೇರೆ. ಅನುಮತಿ ಪಡೆದರೂ ವಿದ್ಯಾರ್ಥಿ ಕೆಲಸ ಮಾಡಬಹುದಾದುದು ವಾರಕ್ಕೆ 28 ಗಂಟೆ ಮಾತ್ರ. ದುಡಿದುಕೊಂಡೇ ಓದಬಹುದೆಂದು ಆಸೆ ಹುಟ್ಟಿಸುವ ದಲ್ಲಾಳಿಗಳ ಮಾತು ನಂಬಿ ಕಾಫಿತೋಟವನ್ನು ಅಡವಿಡುವ ತಂದೆತಾಯಿಗಳು ಈ ಲೆಕ್ಕವನ್ನು ಮೊದಲು ನೋಡಬೇಕು.

ಹೋದವರು ಮರಳಿ ಬಾರದಿದ್ದರೆ ನಾಡಿಗೆ ನಷ್ಟವಲ್ಲವೇ ಎನ್ನುವವರೂ ಇದ್ದಾರೆ. ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನನ್ನು ನೋಡಿ ಬಂದರು. ಅವರು ದಿವಾನರಾಗಿದ್ದಾಗಲೇ, 1916ರಲ್ಲಿ, ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು ಫುಕುವೋಕಾ ಅವರ ಚಿಂತನೆಯನ್ನು ‘ಸಹಜ ಕೃಷಿ’ಯ ಮೂಲಕ ನಮ್ಮ ರೈತರ ಕೈಗಿತ್ತರು. ದೇಹ ಎಲ್ಲಿದ್ದರೂ ಕಲಿತದ್ದು ಕನ್ನಡಕ್ಕೆ ಬಂದರೆ ನಾಡಿಗೆ ಲಾಭವೇ. ಮನುಷ್ಯ ಮರಳಿದರೂ ವಿದ್ಯೆ ಇಂಗ್ಲಿಷಿನಲ್ಲೇ ಉಳಿದರೆ ಚಾರ್ಮಾಡಿಯ ಕೆಳಗಿನ ಅಜ್ಜನಿಗೆ ಅದರಿಂದೇನು ಪ್ರಯೋಜನ?

ಅರ್ಜಿ ಹೋಗಿದೆ, ಉತ್ತರ ಇನ್ನೂ ಬಂದಿಲ್ಲ. ಬರಲಿ ಎಂದು ಹಾರೈಸುತ್ತೇನೆ. ಆದರೆ ಆ ನಾಲ್ಕು ಪುಟಗಳು ನನ್ನನ್ನು ಬಿಡದೆ ಕಾಡುತ್ತಿವೆ. ಮೂರು ದಿನಗಳಲ್ಲಿ ಅಂತಹ ಗದ್ಯ ಬರೆಯಬಲ್ಲ ಹುಡುಗಿ ನನ್ನ ತರಗತಿಯಲ್ಲಿ ಕುಳಿತಿದ್ದಾಗ ನಾನು ಆಕೆಯಿಂದ ಬರೆಸಿದ್ದು ಕವಿಪರಿಚಯಗಳನ್ನೂ ಸಂದರ್ಭಸಹಿತ ವಿವರಣೆಗಳನ್ನೂ ಮಾತ್ರ. ನೀನು ಕಂಡದ್ದೇನು, ಅರಿಯಬೇಕೆಂದಿರುವುದೇನು ಎಂದು ಒಮ್ಮೆಯೂ ಕೇಳಲಿಲ್ಲ. ಆ ಪ್ರಶ್ನೆಯನ್ನು ಕೇಳಲು ಜಪಾನಿನ ಅರ್ಜಿಯ ಹಾಳೆಯೇ ಬರಬೇಕಾಯಿತು. ಈ ವರ್ಷದಿಂದ ನನ್ನ ವಿದ್ಯಾರ್ಥಿಗಳಿಗೆ ಅದನ್ನು ಕನ್ನಡದಲ್ಲಿ ಕೇಳಬೇಕೆಂದಿದ್ದೇನೆ. ಸಹೋದ್ಯೋಗಿಗಳೂ ಕೇಳಿ ನೋಡಲಿ.