ಹೊಸ ಪ್ರೊಸೆಸರ್ ಹಾಕಿದ ಮೇಲೆ ಗಣಕಯಂತ್ರ ಏಕೆ ಬಿಸಿಯಾಗುತ್ತದೆ?



ಕೋವಾಡದ ಕಿರಾಣಿ ವ್ಯಾಪಾರಿ ಬಂಧುಗಳೊಬ್ಬರ ಪ್ರಶ್ನೆಯೇ ಈ ತಿಂಗಳ ವಿಷಯ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಅವರು ಅಂಗಡಿಗೆ ಒಂದು ಗಣಕಯಂತ್ರ ಕೊಂಡಿದ್ದರು. ಅದು ಇಂಟೆಲ್‌ನ ಏಳನೆಯ ಪೀಳಿಗೆಯ ಐ-3. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಆದರೋ ಎಂಟನೆಯ ಪೀಳಿಗೆಗಿಂತ ಹಿಂದಿನ ಪ್ರೊಸೆಸರುಗಳನ್ನು, ಬೆರಳೆಣಿಕೆಯ ಕೆಲವನ್ನು ಬಿಟ್ಟರೆ, ಒಪ್ಪುವುದಿಲ್ಲ. ಹೀಗಾಗಿ ಅವರ ಚಿರಂಜೀವಿ ಕೊಲ್ಹಾಪುರಕ್ಕೆ ಹೋಗಿ ಹೊಸ ಮದರ್‌ಬೋರ್ಡನ್ನೂ ಹನ್ನೆರಡನೆಯ ಪೀಳಿಗೆಯ ಐ-7 12700 ಪ್ರೊಸೆಸರನ್ನೂ ತಂದು ಹಳೆಯ ಕ್ಯಾಬಿನೆಟ್ಟಿನಲ್ಲೇ ಕೂಡಿಸಿಸಿದರು. ಪ್ರೊಸೆಸರ್ ಡಬ್ಬಿಯಿಲ್ಲದೆ ಬಿಡಿಯಾಗಿ ಸಿಕ್ಕಿತು, ಅದರ ಜೊತೆ ಫ್ಯಾನ್ ಇರಲಿಲ್ಲ. ಹಳೆಯ ಫ್ಯಾನ್ ಚೆನ್ನಾಗಿಯೇ ಇದೆಯಲ್ಲ ಎಂದು ಅದನ್ನೇ ಹಾಕಿದರು.

ಅಂದಿನಿಂದ ಬಿಲ್ಲು ಮಾಡುತ್ತಿರುವಾಗಲೇ ಯಂತ್ರ ಮಂದವಾಗುತ್ತದೆ, ಆಮೇಲೆ ಆರಿಯೇ ಹೋಗುತ್ತದೆ. ದುರಸ್ತಿಯವರೊಬ್ಬರು ಬೋರ್ಡೇ ಕೆಟ್ಟಿದೆ ಎಂದರಂತೆ, ಇನ್ನೊಬ್ಬರು ನೀರಿನ ಕೂಲರ್ ಹಾಕಿಸಿ ಎಂದರಂತೆ. ಜಿಎಸ್‌ಟಿಆರ್-1ಕ್ಕೆ ಕೊನೆಯ ದಿನವಾದ 11ನೇ ತಾರೀಖು ಎದುರಿಗಿದೆ.

ಬೋರ್ಡಿನ ಮಾತು ಆಮೇಲೆ. ಮೊದಲು ಲೆಕ್ಕದ ಪ್ರತಿಯನ್ನು ಪೆನ್‌ಡ್ರೈವ್‌ಗೆ ತೆಗೆದಿಡಿ. ಬರೆಯುತ್ತಿರುವ ಹೊತ್ತಿನಲ್ಲೇ ಯಂತ್ರ ಪದೇ ಪದೇ ಆರಿದರೆ ಟ್ಯಾಲಿಯ ಕಡತ ಕೆಡಬಹುದು. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಯ್ದಿಡಬೇಕು. ಪ್ರೊಸೆಸರ್ ಹೋದರೆ ಪೇಠೆಯಲ್ಲಿ ಇನ್ನೊಂದು ಸಿಗುತ್ತದೆ, ಆರು ವರ್ಷದ ಖತಾವಣಿ ಸಿಗುವುದಿಲ್ಲ.

ಇನ್ನು ಪ್ರೊಸೆಸರ್ ಸುಟ್ಟುಹೋಯಿತೇ ಎಂಬ ಭಯ. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್‌ನವರು ಯಂತ್ರ ನಡೆಯುತ್ತಿರುವಾಗಲೇ ಕೂಲರ್ ಕಿತ್ತು ನೋಡಿದ್ದರು. ಆಗಿನ ಎಎಂಡಿ ಅಥ್ಲಾನ್ ಹೊಗೆಯಾಡಿ ಸತ್ತಿತು, ಪೆಂಟಿಯಂ 4 ತನ್ನ ವೇಗವನ್ನು ತಾನೇ ಇಳಿಸಿಕೊಂಡು ಬದುಕಿತು. ಇಂದಿನ ಎಲ್ಲ ಪ್ರೊಸೆಸರುಗಳಿಗೂ ಈ ರಕ್ಷಣೆ ಇದೆ. 12700 ಸುಮಾರು 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ವೇಗ ತಗ್ಗಿಸುತ್ತದೆ, ಅದಕ್ಕೂ ತಡೆಯದಿದ್ದರೆ ಯಂತ್ರ ಆರುತ್ತದೆ. ಆದುದರಿಂದ ಮಂದವಾಗಿ ಆಮೇಲೆ ಆರುವ ಯಂತ್ರ ಹೆಚ್ಚಾಗಿ ಸತ್ತ ಯಂತ್ರವಲ್ಲ, ತನ್ನನ್ನು ಉಳಿಸಿಕೊಳ್ಳುತ್ತಿರುವ ಯಂತ್ರ.

ಶಾಖಕ್ಕೆ ಒಂದು ದಾರಿ ಇದೆ. ಪ್ರೊಸೆಸರಿನಿಂದ ನಡುವಿನ ಪೇಸ್ಟಿಗೆ, ಪೇಸ್ಟಿನಿಂದ ಅಲ್ಯುಮಿನಿಯಂ ಹಲ್ಲುಗಳ ಹೀಟ್‌ಸಿಂಕಿಗೆ, ಅಲ್ಲಿಂದ ಫ್ಯಾನಿನ ಗಾಳಿಗೆ, ಆ ಗಾಳಿ ಕ್ಯಾಬಿನೆಟ್ಟಿನಿಂದ ಹೊರಕ್ಕೆ. ಈ ದಾರಿ ಎಲ್ಲಿ ಕಡಿದಿದೆ ಎಂದು ತಿಳಿಯದೆ ಏನನ್ನೂ ಕೊಳ್ಳಬಾರದು. ತಿಳಿಯುವ ಉಪಾಯಕ್ಕೆ ಖರ್ಚಿಲ್ಲ. ಯಂತ್ರ ಪೂರ್ತಿ ತಣ್ಣಗಿರುವಾಗ ಚಾಲೂ ಮಾಡಿ, ಕೂಡಲೆ ಡಿಲೀಟ್ ಅಥವಾ ಎಫ್2 ಕೀಲಿ ಒತ್ತಿ ಬಯಾಸ್‌ಗೆ ಹೋಗಿ. ಅಲ್ಲಿ ಪ್ರೊಸೆಸರಿನ ಉಷ್ಣತೆ ಅಂಕಿಯಲ್ಲಿ ಕಾಣುತ್ತದೆ. ಗಡಿಯಾರ ಎದುರಿಗಿಟ್ಟುಕೊಂಡು ನೋಡಿರಿ.

ಒಂದೆರಡು ನಿಮಿಷದಲ್ಲೇ 80, 90 ಎಂದು ಏರಿದರೆ ಪ್ರೊಸೆಸರಿಗೂ ಹೀಟ್‌ಸಿಂಕಿಗೂ ಸರಿಯಾದ ಸ್ಪರ್ಶವೇ ಇಲ್ಲ, ಇಲ್ಲವೇ ಫ್ಯಾನ್ ತಿರುಗುತ್ತಿಲ್ಲ. ಬಯಾಸ್‌ನಲ್ಲಿ ಸರಿಯಾಗಿದ್ದು, ಕೆಲಸ ಶುರುವಾದ ಮೇಲೆ ಅರ್ಧ ಗಂಟೆಯಲ್ಲಿ ನಿಧಾನವಾಗಿ ಏರಿದರೆ ಗಾಳಿಯ ದೋಷ. ಆಗ ಕ್ಯಾಬಿನೆಟ್ಟಿನ ಒಂದು ಪಕ್ಕದ ತಗಡು ತೆಗೆದು ಮತ್ತೆ ನೋಡಿ. ಹತ್ತು ಡಿಗ್ರಿ ಇಳಿಯಿತೆಂದರೆ ಸಂಶಯ ಉಳಿಯಲಿಲ್ಲ. ಅಂಕಿ 50, 60ರಲ್ಲೇ ಇದ್ದರೂ ಯಂತ್ರ ತಟ್ಟನೆ ಆರಿದರೆ ಅದು ಶಾಖವೇ ಅಲ್ಲದಿರಬಹುದು, ಹಳೆಯ ಪವರ್ ಸಪ್ಲೈ ಹೊಸ ಭಾರ ತಾಳದೆ ಇರಬಹುದು. ಪವರ್ ಸಪ್ಲೈಯನ್ನು ಮಾತ್ರ ಮನೆಯಲ್ಲಿ ಯಾರೂ ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಅದರೊಳಗೆ ವಿದ್ಯುತ್ ಉಳಿದಿರುತ್ತದೆ.

ಕೋವಾಡದ ಬಂಧುಗಳ ಯಂತ್ರ ಮೊದಲ ಬಗೆಯದು. ಬಯಾಸ್‌ನಲ್ಲಿ ಸುಮ್ಮನೆ ನಿಂತಾಗಲೇ ಅಂಕಿ 90 ದಾಟುತ್ತಿದೆ. ಕಾರಣ ಮೂರು ಮಿಲಿಮೀಟರ್! ಏಳನೆಯ ಪೀಳಿಗೆಯ ಬೋರ್ಡುಗಳಲ್ಲಿ ಫ್ಯಾನ್ ಕೂಡಿಸುವ ನಾಲ್ಕು ತೂತುಗಳ ನಡುವಿನ ಅಂತರ 75 ಮಿಲಿಮೀಟರ್. ಹನ್ನೆರಡನೆಯ ಪೀಳಿಗೆಯ ಎಲ್‌ಜಿಎ 1700 ಬೋರ್ಡಿನಲ್ಲಿ ಅದು 78. ಹಳೆಯ ಫ್ಯಾನಿನ ಪ್ಲಾಸ್ಟಿಕ್ ಕಾಲುಗಳನ್ನು ಎಳೆದು ಒತ್ತಿದರೆ ಎರಡು ಮೂಲೆ ಕೂತಂತೆ ಕಾಣುತ್ತದೆ, ಉಳಿದೆರಡು ಎದ್ದಿರುತ್ತದೆ. ಸಾಲದೆಂಬಂತೆ ಹೊಸ ಪ್ರೊಸೆಸರಿನ ಎತ್ತರವೂ ಕಡಿಮೆ. ಮೇಲಿನಿಂದ ನೋಡಿದರೆ ಫ್ಯಾನ್ ಚೆನ್ನಾಗಿ ತಿರುಗುತ್ತಿರುತ್ತದೆ, ಕೆಳಗೆ ಲೋಹಕ್ಕೆ ಲೋಹ ತಾಗಿರುವುದಿಲ್ಲ. ಬೋರ್ಡ್ ಬದಲಿಸಿದರೆ ಹೊಸ ಬೋರ್ಡಿನ ಮೇಲೂ ಇದೇ ಕಥೆ ನಡೆಯುತ್ತದೆ.

ಎಲ್‌ಜಿಎ 1700 ಎಂದು ಬರೆದಿರುವ ಕೂಲರನ್ನೇ ಕೇಳಿ ಕೊಳ್ಳಿರಿ. ಅದರ ತಳಕ್ಕೆ ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿದ್ದರೆ ತೆಗೆಯಬೇಕು. ಅವಸರದಲ್ಲಿ ಅದನ್ನು ಬಿಟ್ಟೇ ಕೂಡಿಸುವುದುಂಟು. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಕೂಲರಿಗೆ ಮೊದಲೇ ಪೇಸ್ಟ್ ಸವರಿಲ್ಲದಿದ್ದರೆ ಒಂದು ಬಟಾಣಿ ಕಾಳಿನಷ್ಟು ಹೊಸದನ್ನು ನಡುವೆ ಇಟ್ಟರೆ ಸಾಕು. ಹೆಚ್ಚು ಹಾಕಿದರೆ ಹೆಚ್ಚು ತಂಪು ಎಂಬುದು ತಪ್ಪು. ಕಾಲುಗಳನ್ನು ಎದುರುಬದುರು ಮೂಲೆಯ ಕ್ರಮದಲ್ಲಿ ಒತ್ತಿ, ಬೋರ್ಡಿನ ಹಿಂಬದಿಯಿಂದ ನಾಲ್ಕೂ ತುದಿಗಳು ಹೊರಬಂದಿವೆಯೇ ಎಂದು ಕಣ್ಣಾರೆ ನೋಡಬೇಕು. ಫ್ಯಾನಿನ ತಂತಿ ಬೋರ್ಡಿನ ಮೇಲೆ 'ಸಿಪಿಯು ಫ್ಯಾನ್' ಎಂದು ಬರೆದಿರುವ ಜಾಗಕ್ಕೇ ಸೇರಬೇಕು.

ನೀರಿನ ಕೂಲರ್ ಬೇಡ. ಐ-7 12700ರ ಮೇಲೆ 65 ವ್ಯಾಟ್ ಎಂದಿರುತ್ತದೆ, ಪೂರ್ತಿ ದುಡಿಸಿದರೆ ಅದು 180 ವ್ಯಾಟ್‌ವರೆಗೂ ಎಳೆಯುತ್ತದೆ, ನಿಜ. ಆದರೆ ಟ್ಯಾಲಿಯಲ್ಲಿ ಬಿಲ್ಲು ಬರೆಯುವುದು, ರಿಟರ್ನ್ ತುಂಬುವುದು ಪ್ರೊಸೆಸರಿಗೆ ದುಡಿಮೆಯೇ ಅಲ್ಲ. ಬಿಲ್ಲು ಬರೆಯುವಾಗ ಕಾಯುವ ಯಂತ್ರದಲ್ಲಿ ದೋಷ ಜೋಡಣೆಯದು ಅಥವಾ ಧೂಳಿನದು. ನಿಜ ಹೇಳಬೇಕೆಂದರೆ ಇಂಥ ಅಂಗಡಿಗೆ ಐ-7 ಬೇಕಿರಲೇ ಇಲ್ಲ. ಅದೇ ಪೀಳಿಗೆಯ ಐ-3 12100, ಒಂದು ಎಸ್‌ಎಸ್‌ಡಿ, 16 ಜಿಬಿ ಮೆಮೊರಿ ಇದ್ದಿದ್ದರೆ ದಿವಾಣಜಿಗಳಿಗೆ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ.

ಧೂಳಿನ ಮಾತು ಬಂದರೆ ಇಚಲಕರಂಜಿಯ ಬಂಧುಗಳಿಗೆ ಬೇರೆ ಹೇಳಬೇಕು. 1904ರಲ್ಲಿ ವಿಠ್ಠಲರಾವ ದಾತಾರರು ಅಲ್ಲಿ ಮೊದಲ ವಿದ್ಯುತ್ ಮಗ್ಗ ಹೂಡಿದಂದಿನಿಂದ ಅರಳೆಯ ಧೂಳು ಊರಿನ ಗಾಳಿಯಲ್ಲೇ ಸೇರಿದೆ. ಈ ಧೂಳು ಮಣ್ಣಿನಂತೆ ಉದುರುವುದಿಲ್ಲ. ಫ್ಯಾನಿಗೂ ಹೀಟ್‌ಸಿಂಕಿಗೂ ನಡುವೆ ಕಂಬಳಿಯಂತೆ ಹೆಣೆದುಕೊಳ್ಳುತ್ತದೆ. ಹೊರಗಿನಿಂದ ಬ್ಲೋವರ್ ಹಿಡಿದರೆ ಇನ್ನಷ್ಟು ಒಳಕ್ಕೆ ಒತ್ತುತ್ತದೆ. ಫ್ಯಾನ್ ಬಿಚ್ಚಿ ಆ ಪದರನ್ನು ಕೈಯಿಂದ ಎತ್ತಿಯೇ ತೆಗೆಯಬೇಕು. ಬ್ಲೋವರ್ ಬಿಡುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿಯಿರಿ. ಗಡಹಿಂಗ್ಲಜ ಪೇಠೆಯ ಮೆಣಸಿನಕಾಯಿ ವ್ಯಾಪಾರಿಗಳು ಈ ಕೆಲಸವನ್ನು ಅಂಗಳದಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಡುವುದು ಲೇಸು! ಗಲ್ಲೆಯ ಮೇಲಿನ ಊದಿನಕಡ್ಡಿಯ ಹೊಗೆಯೂ ಜಿಗುಟಾಗಿ ಕೂತು ಧೂಳನ್ನು ಹಿಡಿದಿಡುತ್ತದೆ, ಯಂತ್ರವನ್ನು ಅದರಿಂದ ಎರಡು ಮೊಳ ದೂರವಿಡಿ. ಕ್ಯಾಬಿನೆಟ್ಟಿನೊಳಗೆ ಇರುವೆ, ಜೇಡ, ಜಿರಲೆ ಸೇರಿದ್ದರೆ ಬ್ಲೋವರಿಗೆ ಮೊದಲು ಮೆತ್ತನೆಯ ಕುಂಚದಿಂದ ಜೋಪಾನವಾಗಿ ಹೊರಗೆ ಬಿಡಿ. ಔಷಧ ಸಿಂಪಡಿಸುವುದು ಜೀವಕ್ಕೂ ಕೇಡು, ಬೋರ್ಡಿಗೂ ಕೇಡು.

2019ರ ಆಗಸ್ಟಿನಲ್ಲಿ ತಾಮ್ರಪರ್ಣಿಯ ನೀರು ಕೋವಾಡದ ಪೇಠೆಗೆ ನುಗ್ಗಿದ್ದನ್ನು ಕಂಡವರು ಯಂತ್ರವನ್ನು ನೆಲದ ಮೇಲಿಡಲು ಹೆದರುವುದು ಸಹಜ. ಎತ್ತರದಲ್ಲೇ ಇಡಿ. ಆದರೆ ಬಾಗಿಲು ಮುಚ್ಚುವ ಕಪಾಟಿನೊಳಗೆ ಬೇಡ. ಅಲ್ಲಿ ಹಿಂದಿನಿಂದ ಹೊರಬಿದ್ದ ಬಿಸಿಗಾಳಿಯೇ ಸುತ್ತಿ ಬಂದು ಮತ್ತೆ ಮುಂದಿನಿಂದ ಒಳಗೆ ಹೋಗುತ್ತದೆ. ಹಿಂಬದಿಗೆ ಗೋಡೆಯಿಂದ ಒಂದು ಗೇಣು ಜಾಗ ಬಿಡಿ. ಗಾಳಿ ಮುಂದಿನಿಂದ ಒಳಬಂದು ಹಿಂದಿನಿಂದ ಹೊರಹೋಗಬೇಕು. ಒಂದು ನೂಲಿನ ಎಳೆಯನ್ನು ಜಾಲರಿಯ ಹೊರಗೆ ಹಿಡಿದರೆ ದಿಕ್ಕು ತಿಳಿಯುತ್ತದೆ.

ಮಕ್ಕಳ ಆಟಕ್ಕೋ ವಿಡಿಯೋ ಕೆಲಸಕ್ಕೋ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ ಮನೆಗಳಲ್ಲಿ ಲೆಕ್ಕ ಬೇರೆ. ಆರ್‌ಟಿಎಕ್ಸ್ 3060 ಕಾರ್ಡ್ ಒಂದೇ 170 ವ್ಯಾಟ್ ಶಾಖವನ್ನು ಕ್ಯಾಬಿನೆಟ್ಟಿಗೆ ಸುರಿಯುತ್ತದೆ, ಅದರ ಬಿಸಿ ಮೇಲಿರುವ ಪ್ರೊಸೆಸರಿಗೇ ತಟ್ಟುತ್ತದೆ. ಅಲ್ಲಿ ಹಿಂದೊಂದು, ಮುಂದೊಂದು ಕ್ಯಾಬಿನೆಟ್ ಫ್ಯಾನ್ ಬೇಕೇಬೇಕು.

ರಿಪೇರಿ ಆದ ದಿನ ಬಯಾಸ್‌ನ ಅಂಕಿಯನ್ನೂ, ಸಂಜೆ ಅಂಗಡಿ ಮುಚ್ಚುವ ಮುಂಚಿನ ಅಂಕಿಯನ್ನೂ ಕೀರ್ದಿಯ ಕೊನೆಯ ಪುಟದಲ್ಲಿ ತಾರೀಖು ಹಾಕಿ ಬರೆದಿಡಿ. ಬಿಲ್ಲಿನ ಕೆಲಸಕ್ಕೆ 40ರಿಂದ 65ರೊಳಗೆ ಇದ್ದರೆ ಚಿಂತೆಯಿಲ್ಲ. ಕೋಣೆ ಹತ್ತು ಡಿಗ್ರಿ ಬಿಸಿಯಾದರೆ ಪ್ರೊಸೆಸರೂ ಸುಮಾರು ಅಷ್ಟೇ ಏರುತ್ತದೆ, ಮೇ ತಿಂಗಳಲ್ಲಿ ಅಂಕಿ ಹೆಚ್ಚು ಕಂಡರೆ ಅದನ್ನು ಕಳೆದು ನೋಡಿ. ಅದಕ್ಕೂ ಮೀರಿ ಏರಿದ್ದರೆ ಫ್ಯಾನ್ ಬಿಚ್ಚುವ ಹೊತ್ತು ಬಂದಿದೆ.